ಕಾಬೂಲಿನ ಕಥೆ, ಚಂದ್ರಗಿರಿಯ ಕಥೆ, ಹಲಸಂಗಿಯ ಹಾಡು

ಲಚ್ಯಾಣದ ಕಟ್ಟೆ ಮೇಲೆ ಕುಳಿತು ಮೊಬೈಲಿನಲ್ಲಿ ಅಫ್ಘಾನಿಸ್ತಾನದ ಸುದ್ದಿ ನೋಡುತ್ತಿದ್ದೆವು. 2021ರಲ್ಲಿ ತಾಲಿಬಾನ್ ಮತ್ತೆ ಬಂದ ಮೇಲೆ ಅಲ್ಲಿ ಹೆಣ್ಣುಮಕ್ಕಳಿಗೆ ಆರನೇ ತರಗತಿಯ ಮುಂದೆ ಶಾಲೆ ಇಲ್ಲ. ಪಕ್ಕದಲ್ಲಿದ್ದ ಅಜ್ಜ, "ಅದು ಅವರ ದೇಶದ್ದು ಬಿಡೋ ತಮ್ಮಾ, ನಮಗೇನ ಸಂಬಂಧ?" ಅಂದರು.

ಸಂಬಂಧ ಐತಿ ಅಜ್ಜಾ ಎನ್ನಲು ನಮಗೆ ಕಥೆಗಳೇ ಆಧಾರ.

ಸುದ್ದಿಯವರು ಅಫ್ಘಾನ್ ಹೆಣ್ಣಿನ ಕಷ್ಟವನ್ನು ತಾಲಿಬಾನಿನಿಂದ ಶುರು ಮಾಡುತ್ತಾರೆ. ಖಾಲಿದ್ ಹುಸೇನಿ ಹಾಗೆ ಮಾಡಲಿಲ್ಲ. 2007ರಲ್ಲಿ ಬಂದ ಅವರ 'ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್' ಕಾದಂಬರಿಯಲ್ಲಿ ಮರಿಯಂ ಎಂಬ ಹುಡುಗಿಗೆ 15ನೇ ವಯಸ್ಸಿನಲ್ಲಿ ಮದುವೆ. ಗಂಡ ಕಾಬೂಲಿನ ಚಪ್ಪಲಿ ಹೊಲಿಯುವವ, ಅಪ್ಪನ ವಯಸ್ಸಿನವ. ಅವಳಿಗೆ ಮನಸ್ಸಿಲ್ಲ, ಆದರೂ ಅಪ್ಪ ಕೊಟ್ಟುಬಿಡುತ್ತಾನೆ. ಇದು ನಡೆಯುವುದು 1974ರಲ್ಲಿ. ತಾಲಿಬಾನ್ ಕಾಬೂಲ್ ಹಿಡಿದದ್ದು 1996ರಲ್ಲಿ. ಅಂದರೆ ಸರಕಾರ ಬೀಗ ಹಾಕುವ ಮೊದಲೇ ಮನೆಯವರು ಹಾಕಿದ್ದರು.

ಈಗ ಕನ್ನಡಕ್ಕೆ ಬನ್ನಿ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ನಾದಿರಾ ಗಂಡನ ಜೊತೆ ಚೆನ್ನಾಗಿಯೇ ಇದ್ದಳು. ಅಳಿಯನ ಮೇಲಿನ ಸಿಟ್ಟಿಗೆ ಅಪ್ಪ ಮಗಳನ್ನು ತವರಿಗೆ ತಂದು ತಲಾಖ್ ಮಾಡಿಸುತ್ತಾನೆ. ಮುಂದೆ ಗಂಡ ಹೆಂಡತಿ ಮತ್ತೆ ಕೂಡಬೇಕೆಂದರೆ, ಅವಳು ಒಂದು ರಾತ್ರಿಗೆ ಬೇರೊಬ್ಬನನ್ನು ಮದುವೆಯಾಗಬೇಕು ಎನ್ನುತ್ತಾರೆ. ನಾದಿರಾ ಮಸೀದಿಯ ಕೆರೆಯಲ್ಲಿ ಜೀವ ಬಿಡುತ್ತಾಳೆ.

ಇದು ಒಂದೇ ಧರ್ಮದ ಮಾತಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಮಲೆನಾಡಿನ ಬ್ರಾಹ್ಮಣ ಮನೆಯ ಬಾಲವಿಧವೆಯ ಕಥೆ. ಸಂಸಾರ ಎಂದರೇನು ಎಂದು ತಿಳಿಯುವ ಮೊದಲೇ ಅವಳ ಸಂಸಾರ ಮುಗಿದಿತ್ತು. ಮೂರೂ ಕಡೆ ಬದುಕು ಹೆಣ್ಣಿನದು, ತೀರ್ಮಾನ ಬೇರೆಯವರದು.

ನಮ್ಮ ಕಡೆ ಇಂಥ ಕಾದಂಬರಿ ಎಲ್ಲಿದೆ ಎಂದು ಕೇಳಬಹುದು. ಕಾದಂಬರಿಗೂ ಮೊದಲು ಹಾಡಿತ್ತು. ಹಲಸಂಗಿ ನಮಗೆ ದೂರದ ಊರಲ್ಲ. ಅಲ್ಲಿನ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಣ್ಣುಮಕ್ಕಳ ಹಾಡು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಪುಸ್ತಕ ತಂದರು. ಬೀಸುವ ಕಲ್ಲಿನ ಮುಂದೆ ಕುಳಿತ ಸೊಸೆ ತವರಿನ ನೆನಪು, ಅತ್ತೆಮನೆಯ ಸಂಕಟ ಎಲ್ಲವನ್ನೂ ಮೂರು ಸಾಲಿನ ತ್ರಿಪದಿಯಲ್ಲಿ ಹೇಳಿಕೊಂಡಳು. ಎದುರು ನಿಂತು ಆಡಲಾಗದ ಮಾತನ್ನು ಕಲ್ಲಿನ ಸಪ್ಪಳದಲ್ಲಿ ಹಾಡಿದಳು. ಅಫ್ಘಾನಿಸ್ತಾನದ ಪಶ್ತೂನ್ ಹೆಂಗಸರಿಗೂ ಇಂಥದ್ದೇ ಹಾಡುಂಟು. ಅದಕ್ಕೆ ಲಂಡೈ ಎನ್ನುತ್ತಾರೆ, ಎರಡೇ ಸಾಲು. ಅಲ್ಲೂ ಇಲ್ಲೂ ಕಟ್ಟಿದವರ ಹೆಸರಿಲ್ಲ.

ಹೆಸರಿಲ್ಲದೆ ಹಾಡಿದವರ ಸಂಕಟಕ್ಕೆ ಮರಿಯಂ, ನಾದಿರಾ, ಫಣಿಯಮ್ಮ ಎಂದು ಹೆಸರಿಟ್ಟು ನಮ್ಮ ಮುಂದೆ ನಿಲ್ಲಿಸಿದ್ದೇ ಕಾದಂಬರಿಗಳು ಮಾಡಿದ ದೊಡ್ಡ ಕೆಲಸ. ಹೆಸರು ಬಂದ ಮೇಲೆ "ಅದು ಅವರದು" ಎಂದು ಎದ್ದು ಹೋಗಲು ಆಗುವುದಿಲ್ಲ.

ಇದನ್ನೆಲ್ಲ ಹೇಳಿ ಅಜ್ಜನನ್ನು ಒಂದೇ ಮಾತು ಕೇಳಿದೆವು: "ನಿಮ್ಮ ಮೊಮ್ಮಗಳು ಹತ್ತನೇತ್ತೆ ಮುಗಿಸಿದ ಮ್ಯಾಲೆ ಮುಂದ ಏನ ಓದಬೇಕಂತ ಯಾರು ಹೇಳವ್ರು?"

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಕಿನ್ನ ಒಂದ್ ಮಾತ ಕೇಳಬೇಕ ನೋಡು" ಅಂದರು.