ಸಂತೆಕಲ್ಲೂರು ಸೀಮೆಯ ಆರೋಗ್ಯವ್ಯವಸ್ಥೆಯೂ ಸಂಯುಕ್ತ ರಾಜ್ಯಪದ್ಧತಿಯೂ

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನಲ್ಲಿ, ಮಸ್ಕಿಯ ಸಮೀಪದಲ್ಲಿ ಸಂತೆಕಲ್ಲೂರು ನೆಲಸಿರುವುದು. ಈ ಸೀಮೆಯ ಜನರು ತಮ್ಮ ಹೊಲಮನೆಗಳನ್ನು ಬಿಟ್ಟು ಕದಲದಿದ್ದರೂ ಅವರ ಮೇಲಣ ಆಳಿಕೆಯು ಹಲವು ಸಲ ಬದಲಾಯಿತು. 1853ರಲ್ಲಿ ನಿಜಾಮರು ರಾಯಚೂರು ಸೀಮೆಯನ್ನು ಇಂಗ್ಲಿಷರ ವಶಕ್ಕೊಪ್ಪಿಸಿದರು. 1860ರಲ್ಲಿ ಅದು ಮರಳಿ ಹೈದರಾಬಾದು ಸಂಸ್ಥಾನಕ್ಕೆ ಸೇರಿತು. 1948ರಲ್ಲಿ ಆ ಸಂಸ್ಥಾನವು ಭಾರತವನ್ನು ಕೂಡಿತು. 1956ನೆಯ ನವೆಂಬರ 1ರಂದು ರಾಯಚೂರು ಜಿಲ್ಲೆಯು ಏಕೀಕೃತ ಕನ್ನಡ ರಾಜ್ಯದೊಳಗಾಯಿತು. ಒಡೆಯರು ಬದಲಾದಂತೆಲ್ಲ, ರೋಗಿಯ ಹೊಣೆಯು ಯಾರದೆಂಬ ಪ್ರಶ್ನೆಯು ಹೊಸದಾಗಿಯೇ ಏಳುತ್ತಿದ್ದಿತು.

ಬ್ರಿಟಿಷ್ ಪ್ರಾಂತಗಳಲ್ಲಿ 1919ರ ಕಾಯಿದೆಯು ಆರೋಗ್ಯಖಾತೆಯನ್ನು ಶಾಸನಸಭೆಗೆ ಉತ್ತರವಾದಿಗಳಾದ ಮಂತ್ರಿಗಳ ಕೈಗಿತ್ತಿತ್ತು. ಆದುದರಿಂದ ಧಾರವಾಡ, ಬಿಜಾಪುರಗಳ ಜನರಿಗೆ ಸಭೆಯ ಮೂಲಕ ಕೇಳುವ ದಾರಿಯೊಂದು ತೆರೆಯಿತು. ನಿಜಾಮೀ ಪ್ರಜೆಗೆ ಆ ದಾರಿಯಿರಲಿಲ್ಲ. ದವಾಖಾನೆಯು ಆತನಿಗೆ ಸರಕಾರದ ಕೃಪೆಯಾಗಿದ್ದಿತೇ ಹೊರತು ಹಕ್ಕಾಗಿರಲಿಲ್ಲ.

1950ರ ಸಂವಿಧಾನವು ಈ ಕಾರ್ಯವನ್ನು ಹಂಚಿಕೊಟ್ಟಿತು. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿದವು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಬ್ಬುವ ಸಾಂಕ್ರಾಮಿಕ ರೋಗಗಳ ತಡೆಯು ಕೇಂದ್ರ ರಾಜ್ಯಗಳೆರಡಕ್ಕೂ ಕೂಡಿದ ವಿಷಯವಾಯಿತು. ಈ ಹಂಚಿಕೆಯ ಔಚಿತ್ಯವನ್ನು ತುಂಗಭದ್ರೆಯ ದಂಡೆಯಲ್ಲಿಯೇ ಕಾಣಬಹುದು. ಎಡದಂಡೆಯ ಕಾಲುವೆಯು ಸಿಂಧನೂರು ಸೀಮೆಗೆ ಭತ್ತವನ್ನು ತಂದಿತು. ಆದರೆ ನಿಂತ ನೀರು ಸೊಳ್ಳೆಗೂ ಆಸರೆಯಲ್ಲವೆ? ಹೊಳೆಯಾಚೆ ಕರ್ನೂಲು ಜಿಲ್ಲೆಯಿರುವುದು. ಸೊಳ್ಳೆಗೆ ಗಡಿಯ ಪರಿವೆಯಿಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯವು ಆರಂಭವಾದಾಗ ಕೇಂದ್ರವು ಡಿ.ಡಿ.ಟಿ. ಮುಂತಾದ ಸಾಮಗ್ರಿಯನ್ನು ಒದಗಿಸಿತು. ರಾಜ್ಯಗಳು ಆಳುಗಳನ್ನಿಟ್ಟು ಮನೆಮನೆಗೂ ಸಿಂಪಡಿಸಿದವು. ಒಂದರ ಹಣವೂ ಇನ್ನೊಂದರ ಕೈಯೂ ಕೂಡಿದಲ್ಲದೆ ಜ್ವರವು ಇಳಿಯುವಂತಿರಲಿಲ್ಲ.

ಆದರೂ ಹಂಚಿಕೆಯಲ್ಲಿ ಒಂದು ಕುಂದುಂಟು. ಬಯಲುಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ 5,000 ಜನರಿಗೊಂದು ಉಪಕೇಂದ್ರವೂ ಇರಬೇಕೆಂಬ ಮಾನದಂಡವು ದೇಶಕ್ಕೆಲ್ಲ ಒಂದೇ. ಆದರೆ ಕಟ್ಟಡವೆದ್ದ ಮಾತ್ರಕ್ಕೆ ವೈದ್ಯನು ಬಂದು ನಿಲ್ಲುವನೆಂಬ ನಿಯಮವಿಲ್ಲ. ತಡವಾಗಿ ಹೊರಟ ನಾಡು ಸಮಪಾಲನ್ನು ಪಡೆದರೂ ಹಿಂದೆಯೇ ಉಳಿಯುವುದು. ಈ ಸತ್ಯವನ್ನು ಮನಗಂಡು ಸಂಸತ್ತು 371ಜೆ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು. 2013ರಿಂದ ಈ ಪ್ರದೇಶದ ಮಕ್ಕಳಿಗೆ ಇಲ್ಲಿಯ ವೈದ್ಯಕೀಯ ಕಾಲೇಜುಗಳಲ್ಲಿಯೂ ಸ್ಥಾನಗಳ ಮೀಸಲು ದೊರೆಯಿತು. 2007ರಲ್ಲಿ ಸ್ಥಾಪಿತವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯು ಅವುಗಳಲ್ಲೊಂದು.

ಅಧಿಕಾರವನ್ನು ಪಾಲುಮಾಡಬಹುದು, ಆದರೆ ನೋವಿಗೆ ಪಾಲಿಲ್ಲ. ದಿಲ್ಲಿಯ ಧನವೂ ಬೆಂಗಳೂರಿನ ಆಜ್ಞೆಯೂ ಸಂತೆಕಲ್ಲೂರಿನ ಬಾಣಂತಿಯ ಬಾಗಿಲನ್ನು ಮುಟ್ಟಿದಾಗಲೇ ಆ ಹಂಚಿಕೆಯು ಸಾರ್ಥಕವು. ಕೃಪೆಯಾಗಿದ್ದುದು ಹಕ್ಕಾಗಿರುವುದರಿಂದ, ಅದನ್ನು ಎಚ್ಚರದಿಂದ ಕೇಳಿ ಪಡೆಯುವುದು ಈ ನಾಡಿನವರ ಕರ್ತವ್ಯವಾಗಿರುವುದು.