ಕಡಲಿಗಿಳಿದ ‘ನಿಜಾಮ್’

ಆಳಂದ, ಅಫಜಲಪುರ, ಜೇವರ್ಗಿಗಳ ಎರೆಭೂಮಿಯಲ್ಲಿ ನಿಂತು ಕಡಲಿನ ಮಾತನ್ನಾಡಿದರೆ ಕೇಳುಗರಿಗೆ ವಿಚಿತ್ರವೆನಿಸೀತು. ಜೋಳ ತೊಗರಿಗಳ ಈ ಸೀಮೆಗೆ ಹೊಳೆಯೆಂದರೆ ಭೀಮೆ. ಬೇಸಗೆಯಲ್ಲಿ ಅದೂ ಮರಳಿನ ನಡುವಿನ ಸಣ್ಣ ಧಾರೆ. ಆದರೂ ಎರಡನೆಯ ಮಹಾಯುದ್ಧದ ಒಂದು ಸಮರನೌಕೆಗೂ ಈ ಸೀಮೆಗೂ ನಂಟಿತ್ತು. ಆ ನೌಕೆಯ ಹೆಸರು ‘ನಿಜಾಮ್’.

ಕಲಬುರ್ಗಿ ಜಿಲ್ಲೆ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ಯುದ್ಧಕ್ಕೆ ಧಾರಾಳವಾಗಿ ಹಣವಿತ್ತವರು. ಬ್ರಿಟಿಷ್ ವಾಯುಪಡೆಯ 152ನೆಯ ದಳಕ್ಕೆ ‘ಹೈದರಾಬಾದ್’ ಎಂಬ ಹೆಸರು ಬಂದುದು ಹಾಗೆಯೇ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಜಾನ್ ಬ್ರೌನ್ ಕಂಪನಿಯವರು ಕಟ್ಟಿ, 1940ರ ಜುಲೈ 4ರಂದು ನೀರಿಗಿಳಿಸಿದ ವಿನಾಶಕ ನೌಕೆಗೂ ಅವರ ಕಾಣಿಕೆ ಸಂದಿತು. ಇದನ್ನು ಅರಸರ ಔದಾರ್ಯವೆಂದು ಹೊಗಳುವುದುಂಟು. ಆದರೆ ಅರಸರ ಬೊಕ್ಕಸ ತುಂಬುತ್ತಿದ್ದುದು ಇಂಥ ತಾಲೂಕುಗಳ ರೈತರು ತೆತ್ತ ಕಂದಾಯದಿಂದಲ್ಲವೆ? ಸ್ವಾತಂತ್ರ್ಯದ ಹೆಸರಿನ ಯುದ್ಧಕ್ಕೆ ಹಣ ಹರಿದ ಆ ದಿನಗಳಲ್ಲಿ, ಸಂಸ್ಥಾನದೊಳಗೆ ಸ್ಟೇಟ್ ಕಾಂಗ್ರೆಸ್ಸಿಗೆ 1938ರಿಂದಲೇ ನಿಷೇಧವಿತ್ತು.

ಹಡಗು ಬ್ರಿಟಿಷ್ ನೌಕಾಪಡೆಯ ಸ್ವತ್ತು. ನಡೆಸಿದವರು ಆಸ್ಟ್ರೇಲಿಯದ ನಾವಿಕರು. 1941ರ ಜನವರಿಯಲ್ಲಿ ಅದು ಸೇವೆಗೆ ಸೇರಿತು. ಮೇ ತಿಂಗಳ ಕೊನೆಯಲ್ಲಿ ಕ್ರೀಟ್ ದ್ವೀಪದ ಸ್ಫಾಕಿಯ ದಂಡೆಯಿಂದ, ಸೋತು ಬಳಲಿದ ಸೈನಿಕರನ್ನು ಇರುಳಿನಲ್ಲಿ ಹೊತ್ತು ತಂದಿತು. ಮುತ್ತಿಗೆಗೆ ಸಿಕ್ಕಿದ್ದ ಟೋಬ್ರೂಕಿಗೂ ಕತ್ತಲೆಯ ಮರೆಯಲ್ಲೇ ಹೋಗಿಬಂದಿತು. ಮುಂದೆ ಹಿಂದೂ ಮಹಾಸಾಗರ. ಆದರೆ ಅದಕ್ಕೆ ಬಿದ್ದ ದೊಡ್ಡ ಪೆಟ್ಟು ಶತ್ರುವಿನದಲ್ಲ, ಕಡಲಿನದು. 1945ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯದ ನೈಋತ್ಯ ಮೂಲೆಯ ಲೂವಿನ್ ಭೂಶಿರದ ಬಳಿ, ಹೆದ್ದೆರೆಯೊಂದು ಬಡಿದು ಹಡಗು ಪೂರಾ ಮಗ್ಗುಲಿಗೆ ವಾಲಿತು. ಹಡಗೇನೋ ಮತ್ತೆ ನೆಟ್ಟಗಾಯಿತು. ಹತ್ತು ಮಂದಿ ನಾವಿಕರು ಕೊಚ್ಚಿಹೋಗಿದ್ದರು.

ಅದೇ ವರ್ಷ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ‘ನಿಜಾಮ್’ ಟೋಕಿಯೊ ಕೊಲ್ಲಿಯಲ್ಲಿತ್ತು. ಕಡಲೊಳಗಿನ ಸಿಡಿಗುಂಡುಗಳನ್ನು ತೆಗೆಯುವ ನಾಲ್ಕು ಪುಟ್ಟ ಆಸ್ಟ್ರೇಲಿಯನ್ ಮೈನ್‌ಸ್ವೀಪರುಗಳೂ ಅಲ್ಲಿದ್ದವು. ಅದೇ ಜಾತಿಯ ಭಾರತೀಯ ನೌಕೆ ‘ಬೆಂಗಾಲ್’, 1942ರ ನವೆಂಬರ್ 11ರಂದು ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಎರಡು ಜಪಾನೀ ಹಡಗುಗಳನ್ನು ಎದುರಿಸಿ ಉಳಿದುಬಂದಿತ್ತು. ಆ ಕಥೆಯನ್ನು ಬೇರೆಯಾಗಿಯೇ ಹೇಳಬೇಕು.

ಅಕ್ಟೋಬರಿನಲ್ಲಿ ‘ನಿಜಾಮ್’ ಬ್ರಿಟಿಷರಿಗೆ ಮರಳಿತು. ಮತ್ತೆ ಸೇವೆಗೆ ಇಳಿಯಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದಾಗಲೂ ಅದು ಕೆಲಸವಿಲ್ಲದೆ ನಿಂತೇ ಇತ್ತು. 1955ರಲ್ಲಿ ಅದನ್ನು ಗುಜರಿಗೆ ಮಾರಿದರು. ಮರುವರ್ಷ ನವೆಂಬರ್ 1ರಂದು ಆಳಂದ, ಅಫಜಲಪುರ, ಜೇವರ್ಗಿಗಳು ಮೈಸೂರು ರಾಜ್ಯಕ್ಕೆ ಸೇರಿದವು.