ಗುಡ್ಡವನ್ನು ಕಡಿಯದೆ ಕಟ್ಟಿದ ಸೇತುವೆ

ಜಪಾನಿನ ಹೊನ್ಶು ಮತ್ತು ಶಿಕೊಕು ಎಂಬ ದೊಡ್ಡ ದ್ವೀಪಗಳ ನಡುವಿನ ಕಡಲಿಗೆ ಸೆತೊ ಒಳಗಡಲು ಅಂತ ಹೆಸರು. ಅದರ ತುಂಬ ಸಣ್ಣ ಸಣ್ಣ ದ್ವೀಪಗಳು. ಅವುಗಳಲ್ಲಿ ಇಕುಚಿ ಮತ್ತು ಓಮಿ ಎಂಬೆರಡನ್ನು ಜೋಡಿಸುವುದು ತತಾರ ಸೇತುವೆ. ಇಕುಚಿ ಹಿರೋಷಿಮಾ ಪ್ರಾಂತಕ್ಕೆ ಸೇರಿದ್ದು, ನಿಂಬೆ ತೋಟಗಳ ಊರು. ಓಮಿ ಎಹಿಮೆ ಪ್ರಾಂತದ್ದು, ಅಲ್ಲಿ ಬಹಳ ಹಳೆಯ ಒಂದು ದೇವಾಲಯವಿದೆ.

ಹಿಂದೆ ಈ ಕಡಲು ದಾಟಲು ದೋಣಿ, ಹಡಗುಗಳೇ ಗತಿ. 1955ರ ಮೇ 11ರಂದು ಶಿಕೊಕುವಿನ ತಕಮತ್ಸು ಬಂದರಿನ ಹತ್ತಿರ ದಟ್ಟ ಮಂಜಿನಲ್ಲಿ ಎರಡು ರೈಲ್ವೆ ಹಡಗುಗಳು ಡಿಕ್ಕಿಯಾಗಿ, ಶಿಉನ್ ಮಾರು ಎಂಬುದು ಮುಳುಗಿತು. ಸತ್ತವರು 168 ಮಂದಿ. ಅವರಲ್ಲಿ 100 ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಸೇತುವೆ ಬೇಕೆಂಬ ಬೇಡಿಕೆ ಆ ಮೇಲೆ ಜೋರಾಯಿತು. 1970ರಲ್ಲಿ ಸರಕಾರ ಈ ಕೆಲಸಕ್ಕೆಂದೇ ಒಂದು ಸಂಸ್ಥೆ ಮಾಡಿತು. ಹೊನ್ಶುವಿನಿಂದ ಶಿಕೊಕುವಿಗೆ ಮೂರು ದಾರಿ ಎಂದು ತೀರ್ಮಾನವಾಯಿತು. ಪಡುವಣ ದಾರಿ ದ್ವೀಪದಿಂದ ದ್ವೀಪಕ್ಕೆ ಹಾರಿಕೊಂಡು ಹೋಗುತ್ತದೆ. ತತಾರ ಇರುವುದು ಅದರಲ್ಲೇ.

1973ರ ಯೋಜನೆಯಲ್ಲಿ ಇಲ್ಲಿ ತೂಗುಸೇತುವೆ ಕಟ್ಟುವುದಿತ್ತು. ತೂಗುಸೇತುವೆ ಅಂದರೆ ಬಟ್ಟೆ ಒಣಹಾಕುವ ಹಗ್ಗ ಇದ್ದ ಹಾಗೆ. ಎರಡು ತುದಿಯನ್ನೂ ಗಟ್ಟಿಯಾಗಿ ಕಟ್ಟಲೇಬೇಕು. ಅದಕ್ಕೆ ದಡದಲ್ಲಿ ಭಾರೀ ಕಾಂಕ್ರೀಟ್ ಕಟ್ಟೆ ಬೇಕು. ಇಕುಚಿಯಲ್ಲಿ ಆ ಕಟ್ಟೆ ಕೂರಿಸಬೇಕಾದರೆ ಗುಡ್ಡವನ್ನು ದೊಡ್ಡದಾಗಿ ಅಗೆಯಬೇಕಿತ್ತು. ಹಾಗೆ ಆಗಬಾರದು ಅಂತ 1989ರಲ್ಲಿ ಯೋಜನೆಯನ್ನೇ ಬದಲಿಸಿ, ಕೇಬಲ್ ಸೇತುವೆ ಎಂದು ನಿಶ್ಚಯಿಸಿದರು.

ಕೇಬಲ್ ಸೇತುವೆಯಲ್ಲಿ ಗೋಪುರದಿಂದ ಎರಡೂ ಬದಿಗೆ ಇಳಿಯುವ ಕೇಬಲುಗಳು ನೇರವಾಗಿ ರಸ್ತೆಯನ್ನೇ ಹಿಡಿದುಕೊಳ್ಳುತ್ತವೆ. ಒಂದು ಬದಿಯ ಎಳೆತಕ್ಕೆ ಇನ್ನೊಂದು ಬದಿಯ ಎಳೆತ ಸಮ. ದಡದಲ್ಲಿ ದೊಡ್ಡ ಕಟ್ಟೆ ಬೇಡ. 2025ರಲ್ಲಿ ಶರಾವತಿ ಹಿನ್ನೀರಿನ ಮೇಲೆ ತೆರೆದ ಸಿಗಂದೂರು ಸೇತುವೆ ನೋಡಿದವರಿಗೆ ಈ ಕ್ರಮ ಗೊತ್ತಾಗುತ್ತದೆ.

ಆದರೆ ತತಾರದಲ್ಲಿ ಒಂದು ತೊಡಕಿತ್ತು. ಎರಡು ಗೋಪುರಗಳ ನಡುವಿನ ಅಂತರ 890 ಮೀಟರ್. ಬದಿಯ ಭಾಗಗಳು ಬರೀ 270 ಮತ್ತು 320 ಮೀಟರ್. ನಡುವಿನ ಭಾರ ಬದಿಗಳನ್ನು ಮೇಲಕ್ಕೆ ಎತ್ತಿಬಿಡಬಹುದಲ್ಲ? ಅದಕ್ಕೆ ನಡುವೆ ಹಗುರವಾದ ಉಕ್ಕಿನ ರಸ್ತೆ ಇಟ್ಟು, ಎರಡು ತುದಿಗಳಿಗೆ ಭಾರವಾದ ಕಾಂಕ್ರೀಟ್ ತೊಲೆ ಹಾಕಿದರು. ತಕ್ಕಡಿಯ ಲೆಕ್ಕ, ಅಷ್ಟೇ. ಗೋಪುರಗಳ ಎತ್ತರ 220 ಮೀಟರ್. ಮಳೆ ಗಾಳಿಗೆ ಕೇಬಲ್ ನಡುಗದಿರಲಿ ಅಂತ ಅದರ ಮೈಮೇಲೆ ಸಣ್ಣ ಕುಳಿಗಳನ್ನೂ ಮಾಡಿದ್ದಾರೆ.

1990ರಲ್ಲಿ ಶುರುವಾದ ಕೆಲಸ ಮುಗಿದು 1999ರ ಮೇ 1ರಂದು ಸೇತುವೆ ತೆರೆಯಿತು. ಫ್ರಾನ್ಸಿನ ನಾರ್ಮಂಡಿ ಸೇತುವೆಯ 856 ಮೀಟರನ್ನು ಹಿಂದೆ ಹಾಕಿ, ಕೇಬಲ್ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು ಎನಿಸಿತು. ಕಾರು, ಬಸ್ಸುಗಳ ಜೊತೆಗೆ ಸೈಕಲ್‌ನವರಿಗೂ, ನಡೆದು ಹೋಗುವವರಿಗೂ ಅದರಲ್ಲಿ ಬೇರೆ ದಾರಿಯುಂಟು. ಸೇತುವೆಯ ಮೇಲೆ ಎರಡು ಪ್ರಾಂತಗಳ ಗಡಿಯ ಗುರುತು ಹಾಕಿದ್ದಾರೆ. ಸೈಕಲ್‌ನವರು ಅಲ್ಲಿ ನಿಂತು ಫೋಟೋ ತೆಗೆದು ಮುಂದೆ ಹೋಗುತ್ತಾರೆ.

ಸೇತುವೆ ಬಂದರೂ ಆ ದ್ವೀಪಗಳ ಎಳೆಯರು ಪಟ್ಟಣಕ್ಕೆ ಹೋಗುವುದು ನಿಂತಿಲ್ಲ. ಉದ್ದದ ದಾಖಲೆಯೂ 2008ರಲ್ಲಿ 1088 ಮೀಟರಿನ ಚೀನಾದ ಸುಟಾಂಗ್ ಸೇತುವೆಗೆ ಹೋಯಿತು. ಆದರೆ ಹದಿನಾರು ವರ್ಷ ಹಳೆಯದಾದ ಯೋಜನೆಯನ್ನು ಒಂದು ಗುಡ್ಡಕ್ಕಾಗಿ ತಿದ್ದಿದರಲ್ಲ, ಅದು ದೊಡ್ಡದು. ರಸ್ತೆಗೆಂದು ಗುಡ್ಡ ಕಡಿದು, ಮಳೆಗಾಲ ಬಂದಾಗ ಮಣ್ಣು ಜರಿಯುವುದನ್ನು ಕಾಣುವ ನಾವು ಇದನ್ನು ಮಕ್ಕಳಿಗೆ ಹೇಳಬೇಕು.